ಖಾಲಿ ಪಾತ್ರೆಯ ಲೆಕ್ಕ

ಒಂಬತ್ತನೇ ಕ್ಲಾಸಿನ ಪ್ರಾಕ್ಟಿಕಲ್. ಬಿಸಿ ಅಳೆಯುವ ತಾಮ್ರದ ಪಾತ್ರೆಗೆ, ಅಂದರೆ ಕ್ಯಾಲರಿಮೀಟರಿಗೆ, ನೀರು ಸುರಿಯಲು ಹೊರಟಿದ್ದೆ. ಸರ್ ಕೈ ಹಿಡಿದು ನಿಲ್ಲಿಸಿದರು. "ಮೊದಲು ಖಾಲಿ ಪಾತ್ರೆ ತೂಗು ಮಾರಾಯ. ಪಾತ್ರೆಯೂ ಬಿಸಿ ಕುಡಿಯುತ್ತದೆ ಅಲ್ವಾ?" ಅಪ್ಪ ಮುಂಬೈಯ ಮಾಟುಂಗಾದ ಹೋಟೆಲಿನಲ್ಲಿದ್ದರು. ದಪ್ಪ ತಳದ ಪಾತ್ರೆ ಕಾಯಲು ಹೊತ್ತು ಜಾಸ್ತಿ ಬೇಕು ಅಂತ ನನಗೆ ಗೊತ್ತಿತ್ತು. ಅದನ್ನು ಲೆಕ್ಕ ಹಾಕಬಹುದು ಅಂತ ತಿಳಿದದ್ದು ಅವತ್ತೇ.

ಮುಂದೆ ಪಿಎಚ್‌ಡಿಯಲ್ಲೂ ನನಗೆ ಸಿಕ್ಕಿದ್ದು ಬಿಸಿ ಅಳೆಯುವ ಕೆಲಸವೇ. ವಸ್ತು ಮಾತ್ರ ಬೇರೆ: ಸಾವಯವ ಸೂಪರ್‌ಕಂಡಕ್ಟರ್. ಇಂಗಾಲದ ಜೊತೆ ಗಂಧಕದಂಥ ಧಾತು ಸೇರಿದ ಅಣುಗಳ ಹರಳು ಲೋಹದ ಹಾಗೆ ಕರೆಂಟ್ ಹರಿಸುತ್ತದೆ. ತೀರಾ ತಣ್ಣಗಾದರೆ ತಡೆಯೇ ಇರುವುದಿಲ್ಲ. ಈ ಬಗೆಯ ಮೊದಲ ವಸ್ತುವನ್ನು ಡೆನ್ಮಾರ್ಕಿನ ಕ್ಲಾಸ್ ಬೆಕ್‌ಗಾರ್ಡ್ ತಯಾರಿಸಿದ್ದರು. ಅವರೂ ಫ್ರಾನ್ಸಿನ ಡೆನಿ ಜೆರೋಮ್ ಅವರೂ ಅದರ ಫಲಿತಾಂಶವನ್ನು 1980ರಲ್ಲಿ ಪ್ರಕಟಿಸಿದರು. ಅದಕ್ಕೆ ಸುಮಾರು 1 ಕೆಲ್ವಿನ್‌ನ (ಅಂದರೆ ಮೈನಸ್ 272 ಡಿಗ್ರಿ ಸೆಲ್ಸಿಯಸ್) ಚಳಿಯ ಜೊತೆ ಭಾರೀ ಒತ್ತಡವೂ ಬೇಕಿತ್ತು. ನನ್ನದು 1988ರಲ್ಲಿ ಬೆಳಕಿಗೆ ಬಂದ, ಗಂಧಕವಿರುವ ಅಣುಗಳ ತಾಮ್ರದ ಥಯೋಸಯನೇಟ್ ಲವಣ. ಒತ್ತಡ ಬೇಡ, ಸುಮಾರು 10 ಕೆಲ್ವಿನ್ ಸಾಕು.

ಹರಳಿನ ತೂಕ 1 ಮಿಲಿಗ್ರಾಂ ಆಸುಪಾಸು. ಸಣ್ಣ ತಟ್ಟೆ, ಅದಕ್ಕೊಂದು ಹೀಟರ್, ಒಂದು ಥರ್ಮಾಮೀಟರ್, ಎಲ್ಲವೂ ತೆಳು ತಂತಿಗಳ ಮೇಲೆ ತೂಗುತ್ತಿರುತ್ತವೆ. ಚೂರು ಬಿಸಿ ಕೊಟ್ಟು, ಮತ್ತೆ ತಣಿಯಲು ಎಷ್ಟು ಹೊತ್ತು ಹಿಡಿಯಿತು ಅಂತ ನೋಡಬೇಕು. ಹರಳು ಅಂಟಿಸುವ ಗ್ರೀಸ್ ಕೂಡ ಬಿಸಿ ಕುಡಿಯುತ್ತದೆ. ಹಾಗಾಗಿ ಮೊದಲು ತಟ್ಟೆ ಮತ್ತು ಗ್ರೀಸ್ ಮಾತ್ರ ಅಳೆದೆ. ಅದಕ್ಕೇ ಎರಡು ದಿನ ಹೋಯಿತು. ಮೊದಲ ಹರಳನ್ನು ಅವಸರದಲ್ಲಿ ತಣಿಸಿದೆ, ಬಿರುಕು ಬಿಟ್ಟಿತು. ತಿಂಗಳ ಕೆಲಸ ಹೋಯಿತು, ಅತ್ತುಬಿಟ್ಟೆ. ಎರಡನೆಯದನ್ನು ರಾತ್ರಿಯಿಡೀ ನಿಧಾನವಾಗಿ ತಣಿಸಿದೆ.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಈ ಹರಳುಗಳು ಮೆದು. ಅಣುಗಳ ಕಂಪನವೇ ಹೆಚ್ಚಿನ ಬಿಸಿ ನುಂಗುತ್ತದೆ. ಸೂಪರ್‌ಕಂಡಕ್ಟರ್ ಆಗುವಾಗ ಹರಳು ಕುಡಿಯುವ ಬಿಸಿಯಲ್ಲಿ ಕಾಣುವ ಜಿಗಿತ ಒಟ್ಟು ಲೆಕ್ಕದಲ್ಲಿ ನೂರಕ್ಕೆ ಕೆಲವೇ ಪಾಲು. ಹಾಗಾಗಿ 8 ಟೆಸ್ಲಾದಷ್ಟು ಬಲವಾದ ಕಾಂತಕ್ಷೇತ್ರ ಕೊಟ್ಟು ಸೂಪರ್‌ಕಂಡಕ್ಟಿವಿಟಿಯನ್ನು ಅಡಗಿಸಿ, ಮತ್ತೆ ಅಳೆದು, ಅದನ್ನು ಮೊದಲಿನ ಅಳತೆಯಿಂದ ಕಳೆದೆ. ಬೆಳಗಿನ ಜಾವ ಪರದೆಯ ಮೇಲೆ ಸಣ್ಣ ಮೆಟ್ಟಿಲೊಂದು ಎದ್ದು ನಿಂತಿತು. ತಡೆಯಿಲ್ಲದೆ ಹರಿಯಲು ಎಲೆಕ್ಟ್ರಾನುಗಳು ಜೋಡಿಯಾದ ಗುರುತು ಅದು.

ಆ ಗ್ರಾಫ್ ಹಿಡಿದು ಸರ್ ಮನೆಗೆ ಹೋದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು.

"ಗ್ರೀಸ್ ಎಷ್ಟು ಹಚ್ಚಿದ್ದೆ?"

ನೋಟ್‌ಬುಕ್ ತೆಗೆದು ಆ ಪುಟ ತೋರಿಸಿದೆ.