ಬಾಡ್ ಹೋಂಬುರ್ಗಿನ ಟೋಪಿ

ಊರಿಂದ ಯಾರೇ ಫ್ರಾಂಕ್‌ಫರ್ಟಿಗೆ ಬರಲಿ, ಅವರನ್ನು ಬಾಡ್ ಹೋಂಬುರ್ಗಿಗೆ ಕರೆದುಕೊಂಡು ಹೋಗದೆ ನಾನು ಬಿಡುವುದಿಲ್ಲ. ಎಸ್5 ಲೋಕಲ್ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಅಲ್ಲಿರುತ್ತೇವೆ. ಬಂದವರು ಪಾರ್ಕಿನ ಸಯಾಮಿ (ಥಾಯ್ಲೆಂಡ್ ಶೈಲಿಯ) ಮಂಟಪದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಬುಗ್ಗೆಯ ಉಪ್ಪುಪ್ಪು ನೀರು ಕುಡಿದು ಮುಖ ಕಿವುಚುತ್ತಾರೆ. ನನಗೆ ಮಾತ್ರ ಈ ಊರು ಅಂದ್ರೆ ಟೋಪಿ.

ಹೋಂಬುರ್ಗ್ ಟೋಪಿಯನ್ನು ನೀವು ಹಳೆಯ ಫೋಟೋಗಳಲ್ಲಿ ನೋಡಿಯೇ ಇರುತ್ತೀರಿ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಆಂಥನಿ ಈಡನ್, ಜರ್ಮನಿಯ ಚಾನ್ಸಲರ್ ಆಡೆನವರ್ ಹಾಕುತ್ತಿದ್ದದ್ದು ಇದನ್ನೇ. 1953ರಲ್ಲಿ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡ ದಿನ ಐಸೆನ್‌ಹೋವರ್ ಎತ್ತರದ ಟಾಪ್ ಹ್ಯಾಟ್ ಬಿಟ್ಟು ಇದನ್ನು ಹಾಕಿಕೊಂಡರು. ನೆತ್ತಿಯ ಮೇಲೆ ಮುಂದಿನಿಂದ ಹಿಂದಕ್ಕೆ ಒಂದೇ ಒಂದು ತಗ್ಗು. ಮುಂದುಗಡೆ ಎರಡೂ ಬದಿ ಚಿವುಟಿದ ಹಾಗಿದ್ದರೆ ಅದು ಫೆಡೋರಾ ಅನ್ನುವ ಬೇರೆ ಟೋಪಿ. ಹೋಂಬುರ್ಗಿನ ಅಂಚು ಗಟ್ಟಿ, ಸುತ್ತಲೂ ಮೇಲಕ್ಕೆ ಸುರುಳಿ, ಅದಕ್ಕೊಂದು ಪಟ್ಟಿ ಹೊಲಿದಿರುತ್ತಾರೆ.

1880ರ ದಶಕದಲ್ಲಿ ಬುಗ್ಗೆ ನೀರಿನ ಚಿಕಿತ್ಸೆಗೆಂದು ಇಲ್ಲಿಗೆ ಬರುತ್ತಿದ್ದ ಇಂಗ್ಲೆಂಡಿನ ಯುವರಾಜ ಎಡ್ವರ್ಡ್ ಈ ಟೋಪಿ ಮೆಚ್ಚಿ ಹಾಕಿಕೊಂಡ. ಅವನ ತಲೆಗೆ ಏರಿದ್ದು ಲಂಡನ್ನಿನ ದೊಡ್ಡ ಮನುಷ್ಯರ ತಲೆಗೂ ಏರಿತು. ಎಲ್ಲರೂ ಹೇಳುವುದು ಇಷ್ಟೇ. ಟೋಪಿ ಮಾಡಿದವರ ಕಥೆ ಯಾರೂ ಹೇಳುವುದಿಲ್ಲ, ಅದು ನನಗೆ ಬೇಜಾರು.

ಈ ಟೋಪಿ ಮಾಡುವುದು ಫೆಲ್ಟಿನಿಂದ. ಫೆಲ್ಟ್ ಅನ್ನುವುದು ನಮ್ಮ ಕಂಬಳಿಯ ಹಾಗೆ ನೇಯ್ದ ಬಟ್ಟೆ ಅಲ್ಲ. ಮೊಲದ ತುಪ್ಪಳವನ್ನು ಬಿಸಿನೀರು, ಹಬೆ ಕೊಟ್ಟು ಉಜ್ಜಿ ಉಜ್ಜಿ ಒತ್ತಿದರೆ ಕೂದಲು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತದೆ. ಹಿಂದೆ ಅದು ಬೇಗ ಆಗಲಿ ಎಂದು ತುಪ್ಪಳಕ್ಕೆ ಪಾದರಸದ ದ್ರಾವಣ ಹಚ್ಚುತ್ತಿದ್ದರು. ಆ ಹಬೆ ಕುಡಿದು ಟೋಪಿ ಕೆಲಸಗಾರರ ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಅಮೆರಿಕದ ಕಾರ್ಖಾನೆಗಳಲ್ಲಂತೂ ಇದು 1941ರ ತನಕ ನಡೆಯಿತು. ಯುವರಾಜನ ಹೆಸರಿನ ಜೊತೆ ಇದನ್ನೂ ಹೇಳಬೇಕಲ್ವಾ?

ನಮಗೂ ಇದರಲ್ಲಿ ಒಂದು ಪಾಲಿದೆ. ಫೆಲ್ಟ್ ಬಿಗಿಯಾಗಿ ನಿಲ್ಲಲು ಅರಗು ಹಾಕುತ್ತಿದ್ದರು, ಆ ಅರಗು ಜಾಸ್ತಿ ಬರುತ್ತಿದ್ದದ್ದು ಭಾರತದಿಂದ. ಚನ್ನಪಟ್ಟಣದ ಬೊಂಬೆಗೆ ಬಣ್ಣ, ಹೊಳಪು ಕೊಡುವುದೂ ಅರಗೇ.

ನಮ್ಮ ಮನೆ ಹತ್ತಿರದ ಟೋಪಿ ಅಂಗಡಿಯ ಯಜಮಾನರು ಒಮ್ಮೆ ಹಳೆಯ ಹೋಂಬುರ್ಗ್ ರಿಪೇರಿ ಮಾಡುತ್ತಿದ್ದರು. ಕೆಟಲಿನ ಹಬೆಗೆ ಅಂಚು ಹಿಡಿದರು, ಮೆತ್ತಗಾದ ಕೂಡಲೇ ಹೆಬ್ಬೆರಳಿನಿಂದ ಸುರುಳಿ ತಿದ್ದುತ್ತಾ ಹೋದರು. ಒಂದು ಸುತ್ತು ಮುಗಿಯುವ ಹೊತ್ತಿಗೆ ಬೆರಳ ತುದಿಗಳು ಕೆಂಪಗಾಗಿದ್ದವು. ಅಷ್ಟು ನಾಜೂಕಿನ ಕೆಲಸ ನಾನು ನೋಡಿದ್ದು ಕಡಿಮೆ.

ಈಗ ಇದನ್ನು ದಿನಾ ಹಾಕುವವರು ವಿರಳ. ಸಂಪ್ರದಾಯಸ್ಥ ಯೆಹೂದಿ ರಬ್ಬಿಗಳಲ್ಲಿ ಕೆಲವರು ಬಿಟ್ಟಿಲ್ಲ. ನೀವು ಕೊಳ್ಳುವುದಾದರೆ ತಲೆಯ ಸುತ್ತಳತೆ ಅಳೆದುಕೊಂಡು ಬನ್ನಿ. ಇಲ್ಲಿ ಸೈಜು ಸೆಂಟಿಮೀಟರಿನಲ್ಲಿ, 57, 58 ಅಂತ. ಮೊಲದ ತುಪ್ಪಳದ್ದೇ ಕೇಳಿ, ಉಣ್ಣೆಯದು ಅಷ್ಟು ಕಾಲ ಆಕಾರ ಹಿಡಿಯುವುದಿಲ್ಲ. ಮತ್ತೆ, ನೆತ್ತಿಯ ತಗ್ಗು ಹಿಡಿದು ಟೋಪಿ ಎತ್ತಬೇಡಿ. ಫೆಲ್ಟ್ ಸೀಳುವುದು ಅಲ್ಲಿಂದಲೇ.