ಮಂಡಕ್ಕಿ ಭಟ್ಟಿಯಲ್ಲಿ ಒಂಬತ್ತನೇ ಭಾನುವಾರ

ಈ ವಾರ ಕ್ಲಿಕ್ ಮಾಡಿದ್ದು ನಲವತ್ತು ಫೋಟೋ. ಇಟ್ಟುಕೊಂಡಿದ್ದು ಮೂರು. ಕೈಗೆ ಕೊಟ್ಟ ಪ್ರಿಂಟ್ ಐದು. ಖುಷಿ ಕೊಟ್ಟಿದ್ದು ಆ ಐದೇ.

ದಾವಣಗೆರೆ ಅಂದ್ರೆ ಎಲ್ಲರೂ ಬೆಣ್ಣೆದೋಸೆ ಫೋಟೋ ತೆಗೀತಾರೆ. ಸಂಜೆ ಮೆಣಸಿನಕಾಯಿ ಬಜ್ಜಿ ಜೊತೆ ತಿನ್ನುವ ಮಂಡಕ್ಕಿ ಎಲ್ಲಿ ತಯಾರಾಗುತ್ತೆ ಅಂತ ಒಳಗೆ ಹೋಗಿ ನೋಡಿದವರು ಕಡಿಮೆ. ಅದಕ್ಕೇ ಭಾನುವಾರ ಬೆಳಿಗ್ಗೆ ಒಂದು ಭಟ್ಟಿಗೆ ಹೋಗಲು ಶುರು ಮಾಡಿದೆ. ಮೊದಲ ದಿನವೇ ಒಂದು ನಿಯಮ ಹಾಕಿಕೊಂಡೆ. ಯಾರ ಫೋಟೋ ತೆಗೆದೆನೋ ಅವರ ಕೈಗೆ 4 ಬೈ 6 ಸೈಜಿನ ಪ್ರಿಂಟ್ ಸೇರುವ ತನಕ ಅದನ್ನು ಬೇರೆ ಯಾರಿಗೂ ತೋರಿಸಬಾರದು. ವಾಟ್ಸಾಪ್ ಸ್ಟೇಟಸ್‌ಗೂ ಹಾಕಬಾರದು.

ಈ ನಿಯಮದಿಂದಲೇ ನನ್ನ ದೊಡ್ಡ ತಪ್ಪು ಸಿಕ್ಕಿಬಿತ್ತು.

ಬಾಣಲೆ ಮುಂದೆ ಕೂರುವ ಚಾಚಾಗೆ ಮೂರನೇ ವಾರ ಪ್ರಿಂಟ್ ಕೊಟ್ಟೆ. ಅವರು ತಮ್ಮ ಮುಖ ನೋಡಲೇ ಇಲ್ಲ. ಹಿಂದಿದ್ದ ರಾಶಿ ಮೇಲೆ ಬೆರಳಿಟ್ಟರು. "ಇದು ನಮ್ಮ ಮಂಡಕ್ಕಿ ಅಲ್ಲಪ್ಪ. ಮಳೇಲಿ ನೆಂದ ಮಾಲಿದ್ದಂಗೈತಿ" ಅಂದರು. ನಿಜ, ರಾಶಿ ಬೂದಿ ಬಣ್ಣಕ್ಕೆ ತಿರುಗಿತ್ತು. ಕ್ಯಾಮೆರಾ ಎದುರಿಗಿದ್ದದ್ದನ್ನೆಲ್ಲ ನಡುಮಧ್ಯದ ಬೂದು ಅಂತ ಅಂದಾಜು ಮಾಡಿ ಬೆಳಕು ಅಳೆಯುತ್ತೆ, ಸುಮಾರು 18 ಪರ್ಸೆಂಟ್ ಬೆಳಕು ವಾಪಸ್ ಕೊಡುವಂಥ ಬೂದು. ಫ್ರೇಮ್ ತುಂಬ ಬಿಳಿ ಇದ್ದರೆ "ಬೆಳಕು ಜಾಸ್ತಿ ಆಯ್ತು" ಅಂದುಕೊಂಡು ಕಪ್ಪು ಮಾಡಿಬಿಡುತ್ತೆ. ಓದಿ ಗೊತ್ತಿದ್ದ ವಿಷಯವೇ. ಭಟ್ಟಿಯ ಸದ್ದಿನಲ್ಲಿ ಮರೆತಿದ್ದೆ. ಈಗ ಬಿಳಿ ರಾಶಿ ಬಂದ ಕೂಡಲೇ ಎಕ್ಸ್‌ಪೋಷರ್, ಅಂದ್ರೆ ಫೋಟೋಗೆ ಸಿಗುವ ಬೆಳಕನ್ನು, ಪ್ಲಸ್ 1ಕ್ಕೆ ಏರಿಸುತ್ತೇನೆ, ಕೆಲವು ಸಲ ಇನ್ನೂ ಸ್ವಲ್ಪ. ಹೊಸ ಪ್ರಿಂಟ್ ಕೊಟ್ಟಾಗ ಚಾಚಾ ಒಂದು ಹಿಡಿ ಮಂಡಕ್ಕಿ ತೆಗೆದು ಫೋಟೋ ಪಕ್ಕ ಹಿಡಿದು ನೋಡಿದರು. ಆಮೇಲೆ ಆ ಹಿಡಿಯನ್ನು ನನ್ನ ಕೈಗೇ ಸುರಿದರು. ಇನ್ನೂ ಬಿಸಿ ಇತ್ತು.

ಈಗ ಕಾಡುತ್ತಿರುವುದು ಅಕ್ಕಿ ಅರಳುವ ಕ್ಷಣ. ಕಾದ ಮರಳಿಗೆ ಅಕ್ಕಿ ಬೀಳುತ್ತೆ, ಒಂದು ಸಲ ಕೈಯಾಡಿಸುವಷ್ಟರಲ್ಲಿ ಬಾಣಲೆ ತುಂಬ ಬೆಳ್ಳಗಾಗುತ್ತೆ, ಕೂಡಲೇ ಜರಡಿಗೆ ಹೋಗುತ್ತೆ. ಮರಳು ಕೆಳಗಿಳಿಯುತ್ತೆ, ಮಂಡಕ್ಕಿ ಮೇಲುಳಿಯುತ್ತೆ. ಶಟರ್, ಅಂದ್ರೆ ಬೆಳಕು ಒಳಗೆ ಬಿಡುವ ಸಮಯ, ಸೆಕೆಂಡಿನ 1/500 ಇಟ್ಟರೆ ಕಾಳು ಗಾಳಿಯಲ್ಲಿ ನಿಂತು ಸತ್ತಂತೆ ಕಾಣುತ್ತೆ. 1/30 ಇಟ್ಟರೆ ಮಂಡಕ್ಕಿ ಹರಿದಂತೆ ಬರುತ್ತೆ, ಆದರೆ ಚಾಚಾನ ಮುಖವೂ ಅಲುಗುತ್ತೆ. ಕಂಬಕ್ಕೆ ಭುಜ ಒತ್ತಿ, ಉಸಿರು ಹಿಡಿದು, 1/60ರಲ್ಲಿ ಒಂದೇ ಒಂದು ಸರಿಯಾಗಿ ಬಂದಿದೆ. ಫ್ಲ್ಯಾಶ್ ಹಾಕಲ್ಲ. ಬೆಂಕಿ ಮುಂದೆ ಕೆಲಸ ಮಾಡುವವರ ಕಣ್ಣಿಗೆ ಹೊಡೆಯುವುದು ತಪ್ಪು ಅಲ್ವಾ? ಲೆನ್ಸನ್ನೂ ಒಳಗೆ ಬದಲಾಯಿಸಲ್ಲ, ಅಷ್ಟು ದೂಳು. 50 ಎಂಎಂ ಒಂದೇ ಸಾಕು.

ಚೀಲ ತುಂಬುವ ಅಕ್ಕ ಮೊದಲ ವಾರವೇ ಹೇಳಿದ್ದರು, "ಮುಖ ಬ್ಯಾಡ." ಸರಿ ಅಂದು ಆ ಕಡೆ ಕ್ಯಾಮೆರಾ ತಿರುಗಿಸಿರಲಿಲ್ಲ. ಆರನೇ ವಾರ ಅವರೇ ಕರೆದು "ಕೈ ಬೇಕಾದ್ರೆ ಹೊಡ್ಕೋ" ಅಂದರು. ಹಸಿರು ಬಳೆ, ಮೊಣಕೈ ತನಕ ಅಂಟಿದ ಮಂಡಕ್ಕಿ ಪುಡಿ, ದಬ್ಬಣಕ್ಕೆ ದಾರ ಪೋಣಿಸುವ ಎರಡು ಬೆರಳು. ಒಂಬತ್ತು ವಾರದಲ್ಲಿ ನನಗೆ ಅತಿ ಇಷ್ಟವಾದ ಫೋಟೋ ಅದು. ಪ್ರಿಂಟ್ ಕೊಟ್ಟು "ಬೇರೆಯವರಿಗೆ ತೋರಿಸಲಾ ಅಕ್ಕ?" ಅಂತ ಕೇಳಿದೆ. "ಮನೇಲಿ ಕೇಳಿ ಹೇಳ್ತೀನಿ" ಅಂದರು. ಇನ್ನೂ ಹೇಳಿಲ್ಲ. ಹಾಗಾಗಿ ಅದು ನನ್ನ ಹತ್ತಿರವೇ ಇದೆ.

ಮುಂದಿನ ವಾರ ಭಟ್ಟಿ ಒಳಗೆ ಕೆಲಸ ಇಲ್ಲ. ಚಾಚಾಗೆ ಬೆವರಿನ ಬನಿಯನ್ನಿನ ಫೋಟೋ ಸಾಕಾಗಿದೆಯಂತೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರ್ತಾರಂತೆ, ನೆಟ್ಟಗೆ ನಿಂತಿರುವ ಫೋಟೋ ಬೇಕಂತೆ, ಮಗಳ ಮನೆಗೆ ಕಳಿಸೋಕೆ. ಹೊರಗಿನ ನೀಲಿ ಗೋಡೆ ನೋಡಿಟ್ಟಿದ್ದೇನೆ. ಎಂಟು ಗಂಟೆ ತನಕ ಅಲ್ಲಿ ನೆರಳಿರುತ್ತೆ. ಇದು ಮಾತ್ರ 8 ಬೈ 10 ಸೈಜಿನಲ್ಲಿ ಹಾಕಿಸಬೇಕು.