ಸ್ಪಿಟ್ಸ್ ಹಾಡುಗಳು ಸುಲಭ ಅಂದುಕೊಂಡವರಿಗೆ

ಜಪಾನಿನಲ್ಲಿ ಗಿಟಾರ್ ಹಿಡಿದ ಹೊಸಬರು ಮೊದಲು ಕಲಿಯುವ ಹಾಡುಗಳಲ್ಲಿ ಸ್ಪಿಟ್ಸ್ ಎಂಬ ಜಪಾನಿ ರಾಕ್ ಬ್ಯಾಂಡಿನ ‘ಚೆರೀ’ ಒಂದು. ಕಾರ್ಡ್‌ಗಳು (ಒಟ್ಟಿಗೆ ಮೊಳಗುವ ಸ್ವರಗಳ ಗುಂಪುಗಳು) ಬೆರಳೆಣಿಕೆಯಷ್ಟು, ಧಾಟಿ ಒಮ್ಮೆ ಕೇಳಿದರೆ ಮರೆಯುವಂಥದ್ದಲ್ಲ. ಆದರೆ ಕಾರ್ಡ್ ಸರಿಯಾಗಿ ಹಿಡಿದು ನುಡಿಸಿದ ಮೇಲೂ ಹಾಡು ಸ್ಪಿಟ್ಸ್ ಹಾಡಿನಂತೆ ಕೇಳಿಸುವುದಿಲ್ಲ. ಇದು ಈ ಬ್ಯಾಂಡಿನ ಎಲ್ಲ ಜನಪ್ರಿಯ ಹಾಡುಗಳ ಗುಟ್ಟು: ಮೇಲೆ ತಿಳಿಯಾದ ದನಿ, ಕೆಳಗೆ ಒಂದು ಪಕ್ಕಾ ರಾಕ್ ಬ್ಯಾಂಡು. ಮೇಲಿನದನ್ನಷ್ಟೇ ಕೇಳಿದವರಿಗೆ ಇದು ಮೃದು ಪಾಪ್ ಅನ್ನಿಸುತ್ತದೆ. ನುಡಿಸಲು ಕೂತಾಗಲೇ ಕೆಳಗಿನದು ಗೊತ್ತಾಗುವುದು.

ತಂಡ ಕಟ್ಟಿದ್ದು 1987ರಲ್ಲಿ, ಟೋಕಿಯೊದಲ್ಲಿ. ಹಾಡುಗಾರ ಕುಸನೊ ಮಸಮುನೆ, ಗಿಟಾರ್‌ನಲ್ಲಿ ಮಿವ ತೆತ್ಸುಯ, ಬೇಸ್‌ನಲ್ಲಿ ತಮುರ ಅಕಿಹಿರೊ, ಡ್ರಮ್ಸ್‌ನಲ್ಲಿ ಸಕಿಯಮ ತತ್ಸುವೊ. ನಾಲ್ವರೂ 1967ರಲ್ಲಿ ಹುಟ್ಟಿದವರು. ಅಂದಿನಿಂದ ಇಂದಿನವರೆಗೆ ಒಬ್ಬರೂ ಬದಲಾಗಿಲ್ಲ. ಶುರುವಿನಲ್ಲಿ ಇವರು ನುಡಿಸುತ್ತಿದ್ದದ್ದು ಪಂಕ್. ಬ್ಲೂ ಹಾರ್ಟ್ಸ್ ಎಂಬ ತಂಡವನ್ನು ಕೇಳಿದ ಕುಸನೊಗೆ ಆ ದಾರಿಯಲ್ಲಿ ತಾವು ಅವರನ್ನು ಮೀರಿಸಲಾರೆವು ಅನ್ನಿಸಿತು. ಹಾಗಾಗಿ ಅಕೌಸ್ಟಿಕ್ ಗಿಟಾರನ್ನು ಹಾಡಿನೊಳಗೆ ತಂದರು. ಪಂಕ್ ಬಿಟ್ಟುಹೋಯಿತು ಎಂದೇನಲ್ಲ. ಅದು ಬೇಸಿಗೂ ಡ್ರಮ್ಸಿಗೂ ಇಳಿಯಿತು, ಅಷ್ಟೇ. 1991ರ ಮಾರ್ಚ್ 25ರಂದು ಮೊದಲ ಸಿಂಗಲ್, ಮೊದಲ ಆಲ್ಬಮ್ ಎರಡೂ ಒಟ್ಟಿಗೆ ಬಂದವು. ಆಮೇಲೆ ನಾಲ್ಕು ವರ್ಷ ಹೇಳಿಕೊಳ್ಳುವಂಥ ಮಾರಾಟವೇ ಇರಲಿಲ್ಲ.

ಬಾಗಿಲು ತೆರೆದದ್ದು ‘ರೊಬಿನ್ಸೊನ್’, 1995ರ ಏಪ್ರಿಲ್ 5ರಂದು ಬಂದ 11ನೆಯ ಸಿಂಗಲ್. ಮಾರಾಟ 16 ಲಕ್ಷ ದಾಟಿದರೂ ಜಪಾನಿನ ಸಂಗೀತ ಮಾರಾಟದ ಲೆಕ್ಕವಿಡುವ ಓರಿಕೊನ್‌ನ ವಾರದ ಪಟ್ಟಿಯಲ್ಲಿ ಅದು ನಾಲ್ಕನೆಯ ಸ್ಥಾನಕ್ಕಿಂತ ಮೇಲೇರಲೇ ಇಲ್ಲ. ಒಂದೇ ವಾರದಲ್ಲಿ ಹಾರಿ ಬಿದ್ದ ಹಾಡಲ್ಲ, ತಿಂಗಳುಗಟ್ಟಲೆ ಪಟ್ಟಿಯಲ್ಲಿ ಕೂತ ಹಾಡು. ಹೆಸರಿನ ಕಥೆ ತಮಾಷೆಯದು. ಕುಸನೊ ಥಾಯ್ಲೆಂಡ್ ಪ್ರವಾಸದಲ್ಲಿ ರಾಬಿನ್ಸನ್ ಎಂಬ ದೊಡ್ಡ ಮಳಿಗೆ ನೋಡಿದ್ದರು. ಹಾಡಿಗೆ ತಾತ್ಕಾಲಿಕವಾಗಿ ಇಟ್ಟ ಆ ಹೆಸರು ಹಾಗೇ ಉಳಿದುಕೊಂಡಿತು. ಸಾಹಿತ್ಯದಲ್ಲಿ ಆ ಪದ ಒಮ್ಮೆಯೂ ಬರುವುದಿಲ್ಲ. ‘ಚೆರೀ’ಯೂ ಹಾಗೆಯೇ, ಆ ಪದ ಹಾಡಿನಲ್ಲಿಲ್ಲ. ಕಿವಿಗೆ ಬಿದ್ದ ಸಾಲಿನಿಂದ ಹಾಡಿನ ಹೆಸರು ಊಹಿಸಲು ಹೊರಟವರು ಇಲ್ಲೇ ಎಡವುತ್ತಾರೆ.

‘ರೊಬಿನ್ಸೊನ್’ ಅನ್ನು ಗುರುತಿಸುವುದು ಮಿವ ಬಿಡಿಬಿಡಿಯಾಗಿ ಮೀಟುವ ಆರಂಭದ ಆರ್ಪೆಜಿಯೊದಿಂದ. ಇದನ್ನು ನುಡಿಸುವಾಗ ಆಗುವ ಮುಖ್ಯ ತಪ್ಪು, ಮೀಟಿದ ತಂತಿಯ ಮೇಲಿಂದ ಬೆರಳನ್ನು ಬೇಗ ಎತ್ತುವುದು. ಒಂದು ಸ್ವರ ಮುಂದಿನದರ ಜೊತೆ ಬೆರೆತು ತೂಗಬೇಕು. ಬೆರಳೆತ್ತಿದರೆ ಮಣಿಗಳು ದಾರವಿಲ್ಲದೆ ಚೆಲ್ಲಿದಂತೆ ಕೇಳಿಸುತ್ತದೆ. ಹಾಗಾಗಿ ಇಡೀ ಕಾರ್ಡನ್ನು ಎಡಗೈಯಲ್ಲಿ ಮೊದಲೇ ಹಿಡಿದು, ಕಾರ್ಡ್ ಬದಲಾಗುವ ತನಕ ಬಿಡಬಾರದು. ಪಿಕ್ಕನ್ನು ಮೇಲೆ ಕೆಳಗೆ ಸರದಿಯಂತೆ ಆಡಿಸಿ, ಮೆಟ್ರೊನೋಮ್ ಅನ್ನು ನಿಮಿಷಕ್ಕೆ 70 ತಾಳಕ್ಕೆ ಇಟ್ಟು ಶುರು ಮಾಡಿ. ಎಲ್ಲ ಸ್ವರಗಳ ತೂಕ ಒಂದೇ ಆದ ಮೇಲೆ ಐದೈದು ಏರಿಸಿ. ಆಂಪ್ಲಿಫೈಯರ್‌ನಲ್ಲಿ ಗೇನ್ ಕಡಿಮೆ ಇರಲಿ, ಬೇಕಿದ್ದರೆ ಕೋರಸ್ ಎಫೆಕ್ಟ್ ತೆಳ್ಳಗೆ ಸೇರಿಸಿ. ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಹಾಕಿದರೆ ಒಟ್ಟಿಗೆ ಮೊಳಗುವ ಸ್ವರಗಳು ಒಂದಕ್ಕೊಂದು ಉಜ್ಜಿ ಕಲಸಿಹೋಗುತ್ತವೆ. ಇನ್ನೊಂದು ಮಾತು: ಮೂಲದಲ್ಲಿರುವುದು ಒಂದೇ ಗಿಟಾರ್ ಅಲ್ಲ. ಒಬ್ಬರೇ ನುಡಿಸುವಾಗ ಆರ್ಪೆಜಿಯೊವನ್ನೂ ಸ್ಟ್ರಮ್ಮಿಂಗನ್ನೂ (ತಂತಿಗಳನ್ನೆಲ್ಲ ಒಂದೇ ಬೀಸಿಗೆ ಮೀಟುವುದು) ಒಟ್ಟಿಗೆ ತುರುಕಲು ಹೋಗಬೇಡಿ. ಆರಂಭಕ್ಕೆ ಆರ್ಪೆಜಿಯೊ, ಹಾಡು ಶುರುವಾದ ಮೇಲೆ ಸ್ಟ್ರಮ್ಮಿಂಗ್, ಅಷ್ಟು ಸಾಕು.

‘ಚೆರೀ’ ಬಂದದ್ದು 1996ರ ಏಪ್ರಿಲ್ 10ರಂದು, ಅದೂ 16 ಲಕ್ಷ ದಾಟಿತು. ಶ್ರುತಿ ಸಿ ಮೇಜರ್. ಚರಣದ ಕಾರ್ಡ್‌ಗಳು ಸಿ, ಜಿ, ಎ ಮೈನರ್, ಇ ಮೈನರ್, ಎಫ್, ಸಿ, ಎಫ್, ಜಿ. ಜರ್ಮನ್ ಸಂಗೀತಗಾರ ಪಾಖೆಲ್ಬೆಲ್‌ನ ‘ಕ್ಯಾನನ್’ ಕೃತಿಯಿಂದ ಬಂದ ಈ ಸಾಲನ್ನು ಜಪಾನಿನ ಪಾಪ್ ಲೋಕ ಎಷ್ಟು ಬಳಸಿದೆ ಅಂದರೆ ಅಲ್ಲಿ ಇದಕ್ಕೆ ‘ಕ್ಯಾನನ್ ಕಾರ್ಡ್’ ಎಂದೇ ಹೆಸರು. ಜಿ ಕಾರ್ಡಿನ ಮಂದ್ರ ಸ್ವರವಾಗಿ ಬಿ, ಇ ಮೈನರಿನ ಮಂದ್ರದಲ್ಲಿ ಜಿ ಇಟ್ಟು ನುಡಿಸಿ ನೋಡಿ: ಕೆಳಗಿನ ಸ್ವರ ಸಿ, ಬಿ, ಎ, ಜಿ, ಎಫ್ ಎಂದು ಮೆಟ್ಟಿಲಿಳಿದಂತೆ ಇಳಿಯುತ್ತದೆ. ಪಲ್ಲವಿಗೆ ಬಂದಾಗ ಸಿ ಬಿಟ್ಟು ಎ ಮೈನರ್‌ನಿಂದ ಶುರು: ಎ ಮೈನರ್, ಇ ಮೈನರ್, ಎಫ್, ಸಿ. ಹಾಡಿನ ಅತಿ ಸಂತೋಷದ ಮಾತು ಮೈನರ್ ಕಾರ್ಡಿನ ಮೇಲೆ ಬೀಳುವುದರಿಂದಲೇ ಖುಷಿಯ ಬೆನ್ನಿಗೆ ಒಂದು ವಿಷಾದವೂ ಬರುತ್ತದೆ. ಈ ಒಂದು ಜಾಗ ಇಲ್ಲದಿದ್ದರೆ ಹಾಡು ಇಷ್ಟು ವರ್ಷ ಬಾಳುತ್ತಿತ್ತೇ ಎಂಬುದು ಅನುಮಾನವೇ.

ಹೊಸಬರು ಸೋಲುವುದು ಎಫ್‌ನಲ್ಲಿ. ತೋರುಬೆರಳನ್ನು ಮೊದಲ ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲಿನ ಮೊದಲ ಮನೆಯ) ಮೇಲೆ ಆರೂ ತಂತಿಗೆ ಅಡ್ಡವಾಗಿಟ್ಟು ಬಲವಾಗಿ ಒತ್ತುತ್ತಾರೆ, ಮಣಿಕಟ್ಟು ನೋಯುತ್ತದೆ, ದನಿ ಮಾತ್ರ ಬರುವುದಿಲ್ಲ. ನಿಜಕ್ಕೂ ಆ ಬೆರಳು ಒತ್ತಬೇಕಾದದ್ದು ಮೂರೇ ತಂತಿ: ಆರನೆಯದು, ಎರಡನೆಯದು, ಒಂದನೆಯದು. ನಡುವಿನ ಮೂರನ್ನು ಬೇರೆ ಬೆರಳುಗಳು ಮುಂದಿನ ಫ್ರೆಟ್‌ಗಳಲ್ಲಿ ಒತ್ತಿರುತ್ತವೆ. ಬೆರಳನ್ನು ಚಪ್ಪಟೆಯಾಗಿ ಇಡದೆ ಹೆಬ್ಬೆರಳಿನ ಕಡೆಯ ಗಟ್ಟಿ ಅಂಚಿಗೆ ಸ್ವಲ್ಪ ಹೊರಳಿಸಿ, ಮೊಣಕೈಯನ್ನು ಮೈಗೆ ಹತ್ತಿರ ತನ್ನಿ. ಅಲ್ಲಿಯವರೆಗೆ ಒಂದನೆಯ ತಂತಿಯನ್ನು ತೆರೆದೇ ಬಿಟ್ಟು ಎಫ್ ಮೇಜರ್ ಸೆವೆನ್ ನುಡಿಸಿದರೂ ಈ ಹಾಡು ಒಪ್ಪಿಕೊಳ್ಳುತ್ತದೆ.

ಇಷ್ಟಾದ ಮೇಲೂ ಏನೋ ಕೊರತೆ ಅನ್ನಿಸಿದರೆ ಅದು ತಮುರ ಅವರ ಬೇಸ್. ಇಯರ್‌ಫೋನ್ ಹಾಕಿ, ದನಿಯನ್ನು ಬಿಟ್ಟು ಕೆಳಗಿನ ಸದ್ದನ್ನೇ ಹಿಂಬಾಲಿಸಿ. ಕಾರ್ಡಿನ ಮೂಲ ಸ್ವರದಲ್ಲಿ ಸುಮ್ಮನೆ ಕೂರುವ ಬೇಸ್ ಇದಲ್ಲ. ಸಾಲು ಮುಗಿದು ಹಾಡುಗಾರ ಉಸಿರೆಳೆಯುವ ಜಾಗದಲ್ಲಿ ಅದು ತನ್ನದೇ ಇನ್ನೊಂದು ರಾಗ ಎಳೆದುಬಿಡುತ್ತದೆ. ವೇದಿಕೆಯ ಮೇಲೆ ಅತಿ ಹೆಚ್ಚು ಕುಣಿದಾಡುವವರೂ ಇವರೇ. ಕುಸನೊ ಮಾತ್ರ ಮೈಕಿನ ಮುಂದೆ ಅಲುಗಾಡದೆ ನಿಂತಿರುತ್ತಾರೆ.

‘ಸೊರ ಮೊ ತೊಬೆರು ಹಝು’ ಎಂದರೆ ‘ಆಕಾಶದಲ್ಲೂ ಹಾರಬಲ್ಲೆವು, ಖಂಡಿತ’ ಎಂಬಂಥ ಅರ್ಥ. 1994ರ ಏಪ್ರಿಲ್‌ನಲ್ಲಿ ಬಂದಾಗ ಅದು ಸದ್ದು ಮಾಡಲಿಲ್ಲ. 1996ರಲ್ಲಿ ‘ಹಕುಸೆನ್ ನಗಶಿ’ ಎಂಬ ಟಿವಿ ಧಾರಾವಾಹಿಯ ಹಾಡಾದಾಗ ಮೊದಲ ಸ್ಥಾನಕ್ಕೆ ಏರಿತು. ಶಾಲೆ ಮುಗಿಸುವ ಮಕ್ಕಳ ಕಥೆಯಾದ್ದರಿಂದ ಆಮೇಲೆ ಅದು ಬೀಳ್ಕೊಡುಗೆಯ ಹಾಡೂ ಆಯಿತು. 1998ರ ‘ಕಯೆದೆ’ಯದೂ ನಿಧಾನದ ದಾರಿ: ಮೊದಲು ಆಲ್ಬಮಿನಲ್ಲಿ ಬಂತು, ಜುಲೈ 7ರಂದು ‘ಸ್ಪೈಡರ್’ ಜೊತೆ ಸಿಂಗಲ್ ಆಯಿತು, ಬೇರೆ ಹಾಡುಗಾರರು ಮತ್ತೆ ಮತ್ತೆ ಹಾಡಿ ಬೆಳೆಸಿದರು. ಶ್ರುತಿ ಡಿ ಫ್ಲಾಟ್ ಆದ್ದರಿಂದ ಗಿಟಾರಿನಲ್ಲಿ ಕೇಪೋವನ್ನು (ಎಲ್ಲ ತಂತಿಗಳನ್ನೂ ಅದುಮಿ ಶ್ರುತಿ ಏರಿಸುವ ಹಿಡಿಕೆ) ಮೊದಲ ಫ್ರೆಟ್ಟಿಗೆ ಹಾಕಿ ಸಿ ಶ್ರುತಿಯ ಕಾರ್ಡ್‌ಗಳನ್ನು ಹಿಡಿಯಿರಿ. ‘ನಗಿಸ’, ‘ನಮಿದ ಗ ಕಿರರಿ’ ಇವೆರಡನ್ನೂ ಇದೇ ಸಾಲಿಗೆ ಸೇರಿಸಬೇಕು.

ಹಾಡುವುದು ಬೇರೆಯೇ ಕಷ್ಟ. ಕುಸನೊ ಅವರ ದನಿ ಎತ್ತರದ್ದು, ಆದರೆ ಒತ್ತಡವಿಲ್ಲದ್ದು. ಎದೆಯ ದನಿಯಲ್ಲೇ ಪಲ್ಲವಿಗೆ ನುಗ್ಗಿದವರು ಕಿರುಚುತ್ತಾರೆ. ಶ್ರುತಿ ಇಳಿಸುವುದರಲ್ಲಿ ನಾಚಿಕೆಯೇನಿಲ್ಲ. ‘ಚೆರೀ’ಯನ್ನು ಮೂರು ಅರ್ಧಸ್ವರ ಇಳಿಸಿದರೆ ಎ, ಎರಡನೆಯ ಫ್ರೆಟ್ಟಿಗೆ ಕೇಪೋ ಹಾಕಿ ಜಿ ಶ್ರುತಿಯ ಕಾರ್ಡ್ ನುಡಿಸಿ. ಎ ಶ್ರುತಿಯ ‘ರೊಬಿನ್ಸೊನ್’ ಎರಡು ಇಳಿದರೆ ಜಿ, ಕೇಪೋ ಬೇಡವೇ ಬೇಡ.

ಸಾಹಿತ್ಯವನ್ನು ರೋಮನ್ ಅಕ್ಷರದಲ್ಲಿ ಬರೆದುಕೊಳ್ಳುವ ಬದಲು ಕನ್ನಡದಲ್ಲಿ ಬರೆದುಕೊಳ್ಳಿ. ಎ-ಏ, ಒ-ಓ ಬೇರೆ ಮಾಡುವ ನಮ್ಮ ಲಿಪಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಜಪಾನಿ ಹಾಡು ನಡೆಯುವುದು ಮಾತ್ರೆಯ ಲೆಕ್ಕದಲ್ಲಿ, ನಮ್ಮ ಲಘು-ಗುರು ಅಲ್ಲಿಗೂ ಹೊಂದುತ್ತದೆ. ರೊ ಲಘು, ಬಿನ್ ಗುರು, ಸೊನ್ ಗುರು: ಐದು ಮಾತ್ರೆ, ಜಪಾನಿ ಲಿಪಿಯಲ್ಲೂ ಐದೇ ಅಕ್ಷರ. ಚೆರೀ ಮೂರು. ಎಡವುವ ಜಾಗ ‘ತ್ಸು’. ನಮ್ಮ ಕಣ್ಣಿಗೆ ಅದು ಒತ್ತಕ್ಷರ, ಹಿಂದಿನದನ್ನು ಗುರು ಮಾಡಿಬಿಡುತ್ತೇವೆ. ಜಪಾನಿಯಲ್ಲಿ ಅದು ಒಂದೇ ಉಲಿ. ಹಿಂದಿನ ಅಕ್ಷರವನ್ನು ಗುರು ಮಾಡದ ಹಳಗನ್ನಡದ ಶಿಥಿಲದ್ವಿತ್ವದಂತೆ ತೇಲಿಸಿಬಿಡಬೇಕು. ‘ಹಚಿಮಿತ್ಸು’ (1995ರ ಆಲ್ಬಮ್, ‘ರೊಬಿನ್ಸೊನ್’ ಇರುವುದು ಇದರಲ್ಲೇ) ನಾಲ್ಕು ಮಾತ್ರೆ, ಐದಲ್ಲ.

ಸಂಗ್ರಹದ ಆಲ್ಬಮ್ ಕೊಳ್ಳುವವರು ‘ಸೈಕಲ್ ಹಿಟ್’ ಹುಡುಕಿ. 2006ರಲ್ಲಿ ಬಂದ ಎರಡು ಭಾಗಗಳಲ್ಲಿ 1991-1997ರ ಸಿಂಗಲ್‌ಗಳು ಒಂದರಲ್ಲಿ, 1997-2005ರವು ಇನ್ನೊಂದರಲ್ಲಿವೆ. 2017ರಲ್ಲಿ ಮೂರನೆಯ ಭಾಗವೂ ಸೇರಿತು. ‘ಕಯೆದೆ’ ಬೇಕಿದ್ದರೆ ಎರಡನೆಯದು. ಹಳೆಯ ಸಿಡಿಗಳ ನಡುವೆ 1999ರ ಡಿಸೆಂಬರ್‌ನ ‘ರೀಸೈಕಲ್’ ಸಿಗಬಹುದು. ಅದು ತಂಡದ ಒಪ್ಪಿಗೆಯಿಲ್ಲದೆ ಹೊರಬಂದದ್ದು. ಚೆನ್ನಾಗಿ ಮಾರಾಟವಾದರೂ ‘ಸೈಕಲ್ ಹಿಟ್’ ಬಂದ ಮೇಲೆ ಮುದ್ರಣ ನಿಂತಿತು. ಈಚಿನದರಲ್ಲಿ 2019ರ ‘ಯಸಶೀ ಅನೊ ಕೊ’ ಮತ್ತು ಕೊನನ್ ಪತ್ತೇದಾರಿ ಚಿತ್ರಕ್ಕೆ ಮಾಡಿದ 2023ರ ‘ಉತ್ಸುಕುಶೀ ಹಿರೆ’ ಕೇಳಲೇಬೇಕಾದವು.

ಕೆಳಗಿನ ರಾಕ್ ಬ್ಯಾಂಡು ನೇರವಾಗಿ ಮೇಲೆದ್ದು ಬರುವುದನ್ನು ಕೇಳಬೇಕಿದ್ದರೆ 2000ದ ‘ಹಯಬುಸ’ ಆಲ್ಬಮ್ ಹಿಡಿಯಿರಿ. ಸಂಗೀತ ಕಛೇರಿಗಳಲ್ಲಿ ಜನ ಕಾಯುವ ಹಾಡೊಂದು ಅದರಲ್ಲಿದೆ, ಸಿಂಗಲ್ ಆಗಿ ಬಂದದ್ದಲ್ಲ. ಹುಡುಕುವಾಗ ಅಕ್ಷರ ಹಾಕಿದರೆ ಸಿಗಲಿಕ್ಕಿಲ್ಲ, ಅಂಕಿ ಹಾಕಿ: 8823. ಜಪಾನಿಯಲ್ಲಿ ಅಂಕಿಗಳ ಓದನ್ನು ಕತ್ತರಿಸಿ ಜೋಡಿಸಿದರೆ ಹ, ಯ, ಬು, ಸ. ನಾಲ್ಕು ಅಂಕಿ, ನಾಲ್ಕು ಮಾತ್ರೆ.